ಮುನ್ನೂರರ ಲೆಕ್ಕ: ಹೃದಯ ವಿದ್ಯುಲ್ಲೇಖದಿಂದ ಬಡಿತವನ್ನೆಣಿಸುವ ಪದ್ಧತಿಗಳ ವಿಮರ್ಶೆ

ಧಾರವಾಡ ಜಿಲ್ಲೆಯ ಶಾಸನಗಳನ್ನೋದುವವರಿಗೆ ಮುನ್ನೂರು ಎಂಬ ಸಂಖ್ಯೆ ಚಿರಪರಿಚಿತವಾದುದು. ಅಣ್ಣಿಗೇರಿ, ನವಲಗುಂದಗಳನ್ನೊಳಗೊಂಡ ನಾಡು ಬೆಳ್ವೊಲ ಮುನ್ನೂರು. ಅದರ ನೆರೆಯದು ಪುಲಿಗೆರೆ ಮುನ್ನೂರು. ಇವೆರಡನ್ನೂ ಒಟ್ಟಿಗೆ ಹೇಳುವಾಗ ಶಾಸನಗಳು ಎರಡರುನೂರು ಎನ್ನುತ್ತವೆ. ಈ ಮುನ್ನೂರು ಏನನ್ನು ಎಣಿಸುತ್ತದೆ? ಊರುಗಳನ್ನೋ, ಕಂದಾಯವನ್ನೋ, ಬೇರೊಂದನ್ನೋ? ಬನವಾಸಿ 12000, ಗಂಗವಾಡಿ 96000 ಎಂಬ ದೊಡ್ಡ ಅಂಕಿಗಳನ್ನು ಕೂಡ ಮುಂದಿಟ್ಟುಕೊಂಡು ವಿದ್ವಾಂಸರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ; ಒಮ್ಮತ ಮೂಡಿಲ್ಲ. ಆದರೂ ನಾವು ತರಗತಿಯಲ್ಲಿ ಬೆಳ್ವೊಲ ಮುನ್ನೂರು ಎಂದು ಸರಾಗವಾಗಿ ಹೇಳಿ ಮುಂದೆ ಸಾಗುತ್ತೇವೆ. ಸಂಖ್ಯೆ ಬಾಯಿಪಾಠವಾದ ಮೇಲೆ ಅದು ಯಾವುದರ ಸಂಖ್ಯೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ.

ಪ್ರಸ್ತುತ ಲೇಖನದ ವಿಷಯ ಇನ್ನೊಂದು ಮುನ್ನೂರು. ಹೃದಯ ವಿದ್ಯುಲ್ಲೇಖವೆಂದು ಕನ್ನಡದಲ್ಲಿ ಹೇಳಬಹುದಾದ, ಜನರೆಲ್ಲರೂ ಇ.ಸಿ.ಜಿ. ಎಂದೇ ಕರೆಯುವ ಕಾಗದದ ಪಟ್ಟಿಯಿಂದ ಹೃದಯವು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆಯೆಂದು ತಿಳಿಯಲು ಕಲಿಸುವ ಮೊದಲನೆಯ ಸೂತ್ರ, ಎರಡು ಶಿಖರಗಳ ನಡುವಣ ದೊಡ್ಡ ಚೌಕಗಳಿಂದ ಮುನ್ನೂರನ್ನು ಭಾಗಿಸುವುದು. ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಸಂಚಿಕೆಯಲ್ಲಿ ಇಂಥ ವಿಷಯವನ್ನೆತ್ತುವುದು ಅಧಿಕಪ್ರಸಂಗವೆಂದು ತೋರಬಹುದು. ನಾವು ವೈದ್ಯರಲ್ಲ, ರೋಗನಿರ್ಣಯವಾಗಲಿ ಚಿಕಿತ್ಸೆಯಾಗಲಿ ನಮ್ಮ ಅಧಿಕಾರಕ್ಕೆ ಒಳಪಟ್ಟುದಲ್ಲ. ಆದರೆ ಆ ಪಟ್ಟಿಯು ಒಂದು ಆಕರ. ಕಾಲವನ್ನು ಅಳತೆಮಾಡಿ ಬರೆದಿಟ್ಟ ಆಕರ. ಆಕರವನ್ನು ಓದುವುದು, ಓದಿದವರ ಓದನ್ನು ಪರೀಕ್ಷಿಸುವುದು ನಮ್ಮ ಕಸುಬಿಗೆ ಸೇರಿದ ಕೆಲಸವೆಂಬ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇವೆ. ಇದಕ್ಕೆ ಪ್ರೇರಕವಾದ ಪ್ರಸಂಗವನ್ನೂ ಮರೆಮಾಚುವುದು ಸರಿಯಲ್ಲ.

ಕುಂದಗೋಳ ತಾಲೂಕಿನಲ್ಲಿ ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೋದರಮಾವನವರಿಗೆ ಅರವತ್ತನಾಲ್ಕು ವರ್ಷವಾಗಿದ್ದಾಗ ಹೊಲದಲ್ಲಿ ನಾಲ್ಕು ಹೆಜ್ಜೆ ನಡೆದರೆ ದಣಿವು, ರಾತ್ರಿ ಮಲಗಿದರೆ ಎದೆಯಲ್ಲಿ ದಡದಡ ಎನ್ನುವ ಸದ್ದು. ಒಂದು ದವಾಖಾನೆಯಲ್ಲಿ ಪಟ್ಟಿ ತೆಗೆದರು. ಪಟ್ಟಿಯ ನೆತ್ತಿಯಲ್ಲಿ ಯಂತ್ರವು 118 ಎಂದು ಅಚ್ಚು ಮಾಡಿತ್ತು. ಅದನ್ನು ನೋಡಿದವರು, ಯಂತ್ರ ಹೇಳಿದ್ದನ್ನೆಲ್ಲ ನಂಬಬಾರದೆಂದು, ತಾವೇ ಚೌಕ ಎಣಿಸಿ ಅಂಚಿನಲ್ಲಿ ಪೆನ್ನಿನಿಂದ 75 ಎಂದು ಬರೆದು, ಗಾಬರಿಪಡಬೇಕಾದುದೇನೂ ಇಲ್ಲವೆಂದು ಮನೆಗೆ ಕಳುಹಿದರು. ಅಂದು ಸಂಜೆ ಮಾವನವರು ಪಟ್ಟಿಯನ್ನು ನಮ್ಮ ಕೈಗಿಟ್ಟು ಕೇಳಿದ ಮಾತು ಇಷ್ಟೆ: "ತಮ್ಮಾ, ಮ್ಯಾಲೆ ಒಂದ ಐತಿ, ಬಾಜೂಕ ಒಂದ ಐತಿ. ಇದರಾಗ ಖರೆ ಯಾವುದು?" ಎರಡು ಪಾಠಗಳಿರುವಾಗ ಯಾವುದು ಗ್ರಾಹ್ಯ ಎಂಬ ಈ ಪ್ರಶ್ನೆಯನ್ನು ನಾವು ವರ್ಷಕ್ಕೊಂದು ಬಾರಿಯಾದರೂ ಪರೀಕ್ಷೆಯಲ್ಲಿ ಕೇಳುವವರು, ಅಂದು ಉತ್ತರ ಕೊಡಲಾರದೆ ಹೋದೆವು. ಪೆನ್ನಿನ ಅಂಕಿ ಮನುಷ್ಯನದು, ಮೇಲಾಗಿ ಸಮಾಧಾನಕರವಾದುದು, ಅದನ್ನೇ ನಂಬಿದೆವು. ಹನ್ನೆರಡನೆಯ ದಿನ ಮಾವನವರಿಗೆ ಲಕ್ವಾ ಹೊಡೆದು ಬಲಗೈ ಸೋತಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹಳೆಯ ಪಟ್ಟಿಯನ್ನು ನೋಡಿದ ವೈದ್ಯರು ಅಂಕಿಗಳನ್ನು ನೋಡಲೇ ಇಲ್ಲ. ಗೆರೆಯನ್ನು ನೋಡಿ, ಬಡಿತ ಅಂದೇ ಲಯ ತಪ್ಪಿತ್ತಲ್ಲ ಎಂದರು.

75 ಎಂಬ ಅಂಕಿಯಿಂದಲೇ ಕೈ ಹೋಯಿತೆಂದು ನಾವು ಹೇಳಲಾರೆವು. ಅಂದೇ ಔಷಧ ಆರಂಭಿಸಿದ್ದರೂ ಆಗಬೇಕಾದುದು ಆಗಿಬಿಡಬಹುದಿತ್ತು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣ, ಎರಡನೆಯದು ಕಾರ್ಯ ಎನ್ನುವುದು ನಾವು ವಿದ್ಯಾರ್ಥಿಗಳಲ್ಲಿ ತಿದ್ದುವ ದೋಷ. ಅದನ್ನು ಸ್ವಂತ ವಿಷಯದಲ್ಲಿ ಮಾಡಲಾಗದು. ಆದರೆ 75 ಎಂಬ ಪಾಠ ಹೇಗೆ ಹುಟ್ಟಿತು ಎಂಬುದನ್ನು ವಿಚಾರಿಸಬಹುದು. ಆ ವಾರದಲ್ಲಿಯೇ ನಾವು ಆ ಪಟ್ಟಿಯನ್ನು ಅಳೆದಿಟ್ಟುಕೊಂಡೆವು. ಮುಂದಿನ ಮಾತುಗಳು ಆ ಅಳತೆಯನ್ನು ಆಧರಿಸಿದವು.

ಮೊದಲು ಆಕರದ ಸ್ವರೂಪ. ಪಟ್ಟಿಯ ಕಾಗದದ ಮೇಲೆ ಒಂದೊಂದು ಮಿಲಿಮೀಟರಿಗೆ ತೆಳುಗೆರೆ, ಐದೈದು ಮಿಲಿಮೀಟರಿಗೆ ದಪ್ಪಗೆರೆ ಇರುತ್ತದೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರಿನಂತೆ ಚಲಿಸುತ್ತದೆ. ಆದುದರಿಂದ ಸಣ್ಣ ಚೌಕವೊಂದು 0.04 ಸೆಕೆಂಡು, ದೊಡ್ಡ ಚೌಕವೊಂದು 0.20 ಸೆಕೆಂಡು. ಒಂದು ನಿಮಿಷದಲ್ಲಿ 1500 ಸಣ್ಣ ಚೌಕಗಳು, ಅಂದರೆ 300 ದೊಡ್ಡ ಚೌಕಗಳು ಸಾಗುತ್ತವೆ. ಮುನ್ನೂರರ ಮೂಲ ಇದು. ಹೃದಯಕ್ಕೂ ಆ ಸಂಖ್ಯೆಗೂ ಯಾವ ಸಂಬಂಧವೂ ಇಲ್ಲ. ಅದು ಕಾಗದದ ಓಟದ ಲೆಕ್ಕ. ಹೃದಯದ ಕೆಳಗಣ ಕೋಣೆಗಳಾದ ಹೃತ್ಕುಕ್ಷಿಗಳು ಸಂಕುಚಿಸುವ ಮುನ್ನ ಹರಡುವ ವಿದ್ಯುತ್ತು ಪಟ್ಟಿಯಲ್ಲಿ ಒಂದು ಚೂಪಾದ ಶಿಖರವನ್ನು ಬರೆಯುತ್ತದೆ. ಅದನ್ನು ಆರ್ ಎನ್ನುತ್ತಾರೆ. ಅದರ ಹಿಂದೆ ಮೇಲಣ ಕೋಣೆಗಳಾದ ಹೃತ್ಕರ್ಣಗಳ ಪಿ ಎಂಬ ಸಣ್ಣ ಅಲೆ, ಮುಂದೆ ಟಿ ಎಂಬ ದುಂಡನೆಯ ಅಲೆ. ಒಂದು ಆರ್‌ನಿಂದ ಇನ್ನೊಂದು ಆರ್‌ಗೆ ನಾಲ್ಕು ದೊಡ್ಡ ಚೌಕಗಳಿದ್ದರೆ ಬಡಿತ 75, ಮೂರಿದ್ದರೆ 100, ಐದಿದ್ದರೆ 60. ಇದಕ್ಕಾಗಿ ವಿದ್ಯಾರ್ಥಿಗಳು 300, 150, 100, 75, 60, 50 ಎಂದು ಮಗ್ಗಿಯಂತೆ ಉರುಹೊಡೆಯುತ್ತಾರೆ. ಹೆಚ್ಚು ನಿಖರತೆ ಬೇಕೆನ್ನುವವರು ಸಣ್ಣ ಚೌಕಗಳನ್ನೆಣಿಸಿ 1500ನ್ನು ಭಾಗಿಸುತ್ತಾರೆ. ಮೂರನೆಯ ಪದ್ಧತಿ ಭಾಗಾಕಾರವಲ್ಲ, ಎಣಿಕೆ: ಹತ್ತು ಸೆಕೆಂಡುಗಳ ಪಟ್ಟಿಯಲ್ಲಿರುವ ಆರ್‌ಗಳನ್ನೆಲ್ಲ ಎಣಿಸಿ ಆರರಿಂದ ಗುಣಿಸುವುದು.

ಹೃದಯದ 'ದರ' ಎಂಬ ಪದವನ್ನು ನಾವು ಬೇಕೆಂದೇ ಬಿಟ್ಟಿದ್ದೇವೆ. ಅಣ್ಣಿಗೇರಿಯ ಕಡೆ ದರವೆಂದರೆ ಅಡತಿ ಅಂಗಡಿಯಲ್ಲಿ ಕಡಲೆಗೆ ಕೂಗುವ ದರ. ಹೃದಯಕ್ಕೆ ಅದನ್ನು ಅಂಟಿಸುವುದು ಕಿವಿಗೆ ಹಿತವಲ್ಲ. ಬಡಿತದ ಎಣಿಕೆ ಎಂದರೆ ಸಾಕು.

ಈ ಮೂರು ಪದ್ಧತಿಗಳು ಒಂದೇ ಉತ್ತರವನ್ನು ಕೊಡುವ ಮೂರು ದಾರಿಗಳೆಂದು ತಿಳಿಯುವುದು ಮೊದಲನೆಯ ತಪ್ಪು. ಒಂದೊಂದಕ್ಕೂ ಒಂದೊಂದು ಊಹೆ ಆಧಾರವಾಗಿದೆ, ಒಂದೊಂದರ ದೋಷ ಒಂದೊಂದು ಕಡೆ ಬೆಳೆಯುತ್ತದೆ. ಭಾಗಾಕಾರದ ಪದ್ಧತಿಯಲ್ಲಿ ಬಡಿತ ನಿಧಾನವಾಗಿದ್ದಾಗ ಕಣ್ಣಿನ ತಪ್ಪು ಹೆಚ್ಚು ಬಾಧಿಸದು: 25 ಸಣ್ಣ ಚೌಕಗಳಿರುವಲ್ಲಿ, ಅಂದರೆ 60 ಬಡಿತದಲ್ಲಿ, ಒಂದು ಚೌಕ ಹೆಚ್ಚು ಕಡಿಮೆ ಓದಿದರೆ ಉತ್ತರ 58ರಿಂದ 62ರವರೆಗೆ ಹೊಯ್ದಾಡುತ್ತದೆ. ಆದರೆ 10 ಸಣ್ಣ ಚೌಕಗಳಿರುವಲ್ಲಿ, ಅಂದರೆ 150 ಬಡಿತದಲ್ಲಿ, ಅದೇ ಒಂದು ಚೌಕದ ತಪ್ಪಿಗೆ ಉತ್ತರ 136 ಆಗಬಹುದು, 167 ಆಗಬಹುದು. ದೊಡ್ಡ ಚೌಕಗಳ ಮಗ್ಗಿಯಲ್ಲಂತೂ ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ 300ರಿಂದ 150ಕ್ಕೆ ಧುಮುಕಬೇಕು. ಎಣಿಕೆಯ ಪದ್ಧತಿಯಲ್ಲಿ ಇದಕ್ಕೆ ವಿಪರೀತ. ಪಟ್ಟಿಯ ಅಂಚಿನಲ್ಲಿ ಒಂದು ಶಿಖರ ಒಳಗಾಯಿತೋ ಹೊರಗಾಯಿತೋ ಎಂಬುದರಿಂದ ಯಾವಾಗಲೂ ಆರು ಬಡಿತಗಳ ವ್ಯತ್ಯಾಸ ಬರುತ್ತದೆ. 150 ಇರುವವನಿಗೆ ಅದು ಅಲ್ಪ, ಹತ್ತು ಸೆಕೆಂಡಿಗೆ ಐದೇ ಬಡಿತವಿರುವವನಿಗೆ ಐದರಲ್ಲೊಂದು ಪಾಲು. ವೇಗದ ಬಡಿತಕ್ಕೆ ಎಣಿಕೆಯೂ ನಿಧಾನದ, ಲಯಬದ್ಧ ಬಡಿತಕ್ಕೆ ಭಾಗಾಕಾರವೂ ತಕ್ಕುದೆಂದು ಇದರಿಂದ ತಿಳಿಯುತ್ತದೆ.

ಆದರೆ ಇದಕ್ಕಿಂತ ದೊಡ್ಡ ದೋಷವೊಂದಿದೆ. ಭಾಗಾಕಾರದ ಪದ್ಧತಿಯು ಒಂದೇ ಅಂತರವನ್ನು ಅಳೆದು ಇಡೀ ನಿಮಿಷದ ಮಾತನ್ನಾಡುತ್ತದೆ. ಉಳಿದೆಲ್ಲ ಅಂತರಗಳೂ ಇದರಂತೆಯೇ ಇವೆ ಎಂಬುದು ಅದರ ಊಹೆ. ನಮ್ಮ ಮಾವನವರ ಪಟ್ಟಿಯಲ್ಲಿ ಅನುಕ್ರಮವಾಗಿ ಆರು ಅಂತರಗಳನ್ನು ಅಳೆದಾಗ ದೊರೆತ ಸಣ್ಣ ಚೌಕಗಳು ಇವು: 11, 9, 14, 12, 20, 10. ಒಂದೊಂದರಿಂದಲೂ 1500ನ್ನು ಭಾಗಿಸಿದರೆ ಸುಮಾರಾಗಿ 136, 167, 107, 125, 75, 150. ಒಂದೇ ಮನುಷ್ಯ, ಒಂದೇ ಪಟ್ಟಿ, ಮೂರು ಸೆಕೆಂಡಿನ ಕಾಲ, ಆರು ಉತ್ತರಗಳು. ಇವುಗಳಲ್ಲಿ 75 ಒಂದು ನಿಜವಾದ ಅಂತರದಿಂದಲೇ ಬಂದುದು. ಬರೆದವರು ಸುಳ್ಳು ಬರೆಯಲಿಲ್ಲ, ತಪ್ಪಾಗಿ ಭಾಗಿಸಲೂ ಇಲ್ಲ. ಹಾಗಾದರೆ ಆರರಲ್ಲಿ ಅದೊಂದನ್ನೇ ಏಕೆ ಆರಿಸಿದರು?

ಇದಕ್ಕೆ ಕಾರಣ ಸೂತ್ರವನ್ನು ಕಲಿಸುವ ರೀತಿಯಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ದಪ್ಪಗೆರೆಯ ಮೇಲೆ ಸರಿಯಾಗಿ ಬಿದ್ದಿರುವ ಆರ್ ಒಂದನ್ನು ಹುಡುಕಿಕೊ, ಅಲ್ಲಿಂದ ಮುಂದಿನ ಆರ್‌ವರೆಗೆ ಎಣಿಸು ಎಂಬುದು ಸಾಮಾನ್ಯವಾಗಿ ಹೇಳಿಕೊಡುವ ಕ್ರಮ. ಎಣಿಸಲು ಸುಲಭವಾಗಲೆಂದು ಹೇಳಿದ ಮಾತು ಅದು. ಮಾವನವರ ಪಟ್ಟಿಯಲ್ಲಿ ದಪ್ಪಗೆರೆಯ ಮೇಲೆ ಬಿದ್ದ ಶಿಖರದಿಂದ ಮುಂದಿನದಕ್ಕೆ 20 ಸಣ್ಣ ಚೌಕಗಳಿದ್ದವು. ಎರಡು ಕೊನೆಗಳೂ ದಪ್ಪಗೆರೆಯ ಮೇಲೆಯೇ ಕುಳಿತಿದ್ದುದರಿಂದ ಕಣ್ಣು ಅಲ್ಲಿಯೇ ನಿಂತಿತು. ಓದಲು ಅನುಕೂಲವಾದ ಸಾಕ್ಷ್ಯವೇ ಪ್ರಾತಿನಿಧಿಕವಾದ ಸಾಕ್ಷ್ಯವೆಂದು ತಿಳಿದದ್ದೇ ಇಲ್ಲಿಯ ತಪ್ಪು. ಸವೆದ ಸಾಲುಗಳನ್ನು ಬಿಟ್ಟು ಸ್ಫುಟವಾದ ಸಾಲಿನ ಮೇಲೆ ಶಾಸನದ ತಾತ್ಪರ್ಯವನ್ನು ಕಟ್ಟಿದಂತೆ. ಹತ್ತು ಸೆಕೆಂಡಿನ ಪೂರ್ಣ ಪಟ್ಟಿಯಲ್ಲಿ ಇಪ್ಪತ್ತು ಶಿಖರಗಳಿದ್ದವು. ಆರರಿಂದ ಗುಣಿಸಿದರೆ 120. ಯಂತ್ರದ 118 ಇದಕ್ಕೆ ಹತ್ತಿರವಾದುದು.

ಈ ಸಂದರ್ಭದಲ್ಲಿ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು. ಮೇಲಿನ ಆರು ಉತ್ತರಗಳನ್ನು ಕೂಡಿಸಿ ಆರರಿಂದ ಭಾಗಿಸಿದರೆ ಸುಮಾರು 127 ಬರುತ್ತದೆ. ಇದು ಸರಿಯಲ್ಲ. ಅಂತರಗಳನ್ನು ಮೊದಲು ಕೂಡಿಸಬೇಕು: ಒಟ್ಟು 76 ಸಣ್ಣ ಚೌಕಗಳಲ್ಲಿ ಆರು ಬಡಿತ, ಅಂದರೆ ನಿಮಿಷಕ್ಕೆ 118. ವೇಗಗಳ ಸರಾಸರಿಯೂ ಸರಾಸರಿ ಅಂತರದ ವೇಗವೂ ಒಂದೇ ಅಲ್ಲ. ಮೊದಲನೆಯದು ಗಿಡ್ಡ ಅಂತರಗಳ ಕಡೆಗೆ ವಾಲುತ್ತದೆ. ಆರೇ ಅಂತರಗಳಿಂದ ಯಂತ್ರದ ಅಂಕಿಯೇ ಬಂದುದು ಕಾಕತಾಳೀಯ, ಅದಕ್ಕೆ ಮಹತ್ವ ಕೊಡಬೇಕಾಗಿಲ್ಲ.

ಇತಿಹಾಸಕಾರರು ಈ ದೋಷವನ್ನು ನೋಡಿ ನಗುವಂತಿಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ತೈಲಪನಿಂದ ಮೂರನೆಯ ಸೋಮೇಶ್ವರನವರೆಗೆ, 973ರಿಂದ 1138ರವರೆಗೆ, ಸಾಮಾನ್ಯವಾಗಿ ಒಪ್ಪಿರುವ ವರ್ಷಗಳಂತೆ ಎಂಟು ಅರಸರ ಆಳ್ವಿಕೆಗಳು ಸುಮಾರು 24, 11, 7, 28, 25, 8, 50, 12. ಸರಾಸರಿ ಇಪ್ಪತ್ತು ವರ್ಷಕ್ಕೆ ತುಸು ಹೆಚ್ಚು. ಇಪ್ಪತ್ತು ವರ್ಷ ಆಳಿದವನು ಇವರಲ್ಲಿ ಒಬ್ಬನೂ ಇಲ್ಲ. ಆರನೆಯ ವಿಕ್ರಮಾದಿತ್ಯನ ಐವತ್ತು ವರ್ಷಗಳ ಶಾಸನಗಳು ನಮ್ಮ ಜಿಲ್ಲೆಯಲ್ಲಿ ಹೇರಳವಾಗಿರುವುದರಿಂದ ಆ ಕಾಲವೇ ಚಾಲುಕ್ಯಯುಗದ ಸಹಜಲಯವೆಂದು ನಮ್ಮ ಬರವಣಿಗೆಗಳಲ್ಲಿ ಅರಿಯದೆಯೇ ಬಂದುಬಿಡುತ್ತದೆ. ವಂಶಾವಳಿ ಮಾತ್ರ ಉಳಿದು ವರ್ಷಗಳು ಉಳಿಯದ ಸಾಮಂತಮನೆತನಗಳ ವಿಷಯದಲ್ಲಂತೂ ತಲೆಮಾರಿಗೆ ಇಪ್ಪತ್ತೈದು ವರ್ಷ ಎಂದು ಗುಣಿಸಿ ಕಾಲವನ್ನು ನಿರ್ಣಯಿಸುವುದು ನಮ್ಮಲ್ಲಿ ಶಿಷ್ಟಾಚಾರವೇ ಆಗಿದೆ. ಅದು ಕೂಡ ಒಂದು ಬಗೆಯ ಮುನ್ನೂರು.

ಮಾವನವರ ಪಟ್ಟಿಯಲ್ಲಿ ನಿಜವಾಗಿ ಓದಬೇಕಾಗಿದ್ದುದು 118ನ್ನೂ ಅಲ್ಲ, 120ನ್ನೂ ಅಲ್ಲ. ಅಂತರಗಳಲ್ಲಿ ಯಾವ ಕ್ರಮವೂ ಇಲ್ಲದಿರುವುದು, ಆರ್‌ನ ಹಿಂದೆ ಪಿ ಅಲೆ ಕಾಣದೆ ತಳಗೆರೆ ನವಿರಾಗಿ ನಡುಗುತ್ತಿರುವುದು, ಇವು ಅಲ್ಲಿಯ ಮುಖ್ಯಪಾಠ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಈ ಸ್ಥಿತಿಯಲ್ಲಿ ಹೃತ್ಕರ್ಣಗಳು ಸಂಕುಚಿಸದೆ ಅದುರುತ್ತವೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಹೆಪ್ಪಿನ ತುಣುಕು ಮಿದುಳಿಗೆ ಹೋದರೆ ಲಕ್ವಾ. ಅಂತರಗಳನ್ನು ಸಾಲಾಗಿ ಒಮ್ಮೆ ಅಳೆದಿದ್ದರೆ ಅಥವಾ ಒಂದು ಕಾಗದದ ಅಂಚಿನಲ್ಲಿ ಮೂರು ಶಿಖರಗಳನ್ನು ಗುರುತುಮಾಡಿ ಮುಂದಕ್ಕೆ ಸರಿಸಿ ನೋಡಿದ್ದರೆ ಗೆರೆ ಹೊಂದುತ್ತಿಲ್ಲವೆಂಬುದು ತಿಳಿಯುತ್ತಿತ್ತು. ಸೂತ್ರವು ಎಣಿಕೆಯನ್ನು ಕೊಡುವ ಅವಸರದಲ್ಲಿ, ಎಣಿಸುವ ಮುನ್ನ ನೋಡಬೇಕಾದುದನ್ನು ನೋಡದಂತೆ ಮಾಡಿತು. ಯಂತ್ರದ ಸರಿಯಾದ ಅಂಕಿಯೂ ಈ ವಿಷಯದಲ್ಲಿ ಮೂಕವೇ. ಲಯಬದ್ಧವಾದ 118 ಬೇರೆ, ಲಯವಿಲ್ಲದ 118 ಬೇರೆ.

ಇಷ್ಟನ್ನೋದಿ ಯಂತ್ರವೇ ಮೇಲು ಎಂಬ ತೀರ್ಮಾನಕ್ಕೆ ಬರುವವರಿಗೆ ಎರಡನೆಯ ಪಟ್ಟಿಯೊಂದನ್ನು ತೋರಿಸಬೇಕಾಗಿದೆ. ಈ ವಿಷಯವನ್ನು ನಾವು ತರಗತಿಯಲ್ಲಿ ಪ್ರಸ್ತಾಪಿಸಿದ ಮರುವಾರ ಕಲಘಟಗಿಯ ಕಡೆಯ ವಿದ್ಯಾರ್ಥಿಯೊಬ್ಬನು ತನ್ನ ಅಜ್ಜಿಯ ಪಟ್ಟಿಯನ್ನು ತಂದನು. ಮೂತ್ರಪಿಂಡಗಳ ಕಾಯಿಲೆಯುಳ್ಳ ಆಕೆಯ ಪಟ್ಟಿಯ ಮೇಲೆ ಯಂತ್ರವು 136 ಎಂದು ಅಚ್ಚು ಮಾಡಿತ್ತು. ಆರ್ ಶಿಖರಗಳ ನಡುವೆ ಎಲ್ಲೆಲ್ಲಿಯೂ 22 ಸಣ್ಣ ಚೌಕ, ಭಾಗಿಸಿದರೆ 68. ಹತ್ತು ಸೆಕೆಂಡಿನಲ್ಲಿ ಹನ್ನೊಂದು ಶಿಖರ, ಗುಣಿಸಿದರೆ 66. ಎರಡು ಪದ್ಧತಿಗಳೂ ಒಂದನ್ನೊಂದು ಸಮರ್ಥಿಸುತ್ತಿರಲು ಯಂತ್ರ ಮಾತ್ರ ಇಮ್ಮಡಿ ಹೇಳಿತ್ತು. ಕಾರಣವು ಪಟ್ಟಿಯಲ್ಲಿಯೇ ಕಾಣುತ್ತಿತ್ತು: ಟಿ ಅಲೆಗಳು ಆರ್‌ಗಳಷ್ಟೇ ಎತ್ತರಕ್ಕೆ ಚೂಪಾಗಿ ಎದ್ದಿದ್ದವು, ಯಂತ್ರವು ಅವನ್ನೂ ಬಡಿತಗಳೆಂದು ಎಣಿಸಿತ್ತು. ಅಲ್ಲಿಯ ವೈದ್ಯರು ಅಂದೇ ಅಜ್ಜಿಯ ಕೈಹಿಡಿದು ನಾಡಿ ನೋಡಿ, ಯಂತ್ರದ ಅಂಕಿಯನ್ನು ಹೊಡೆದುಹಾಕಿ, ರಕ್ತದಲ್ಲಿ ಪೊಟ್ಯಾಸಿಯಮ್ ಪರೀಕ್ಷೆಗೆ ಬರೆದಿದ್ದರು. ಮೂತ್ರಪಿಂಡ ಸೋತವರಲ್ಲಿ ಪೊಟ್ಯಾಸಿಯಮ್ ಏರಿದಾಗ ಟಿ ಅಲೆ ಹೀಗೆ ಎತ್ತರವಾಗುವುದುಂಟು. ಯಂತ್ರದ ತಪ್ಪೆಣಿಕೆಯೇ ರೋಗದ ಸುಳಿವಾಗಿತ್ತೆಂಬುದು ಇಲ್ಲಿಯ ಸ್ವಾರಸ್ಯ. ಲಿಪಿಕಾರನ ತಪ್ಪಿನಿಂದಲೇ ಅವನ ಕಾಲವನ್ನೂ ದೇಶವನ್ನೂ ಕಂಡುಹಿಡಿದ ಗ್ರಂಥಸಂಪಾದಕರಿಗೆ ಇದರ ರುಚಿ ಗೊತ್ತಿರುತ್ತದೆ.

ಒಂದು ಪಟ್ಟಿಯಲ್ಲಿ ಯಂತ್ರ ಸರಿ, ಕೈಬರಹ ತಪ್ಪು. ಇನ್ನೊಂದರಲ್ಲಿ ಕೈಲೆಕ್ಕ ಸರಿ, ಯಂತ್ರ ತಪ್ಪು. ಆದುದರಿಂದ ಓದಿದವರು ಯಾರೆಂಬುದರ ಮೇಲೆ ಗ್ರಾಹ್ಯಾಗ್ರಾಹ್ಯವನ್ನು ನಿರ್ಣಯಿಸುವ ನಮ್ಮ ಅಂದಿನ ಕ್ರಮವೇ ಅಸಾಧುವಾದುದು. ಅಚ್ಚಾದ ಅಂಕಿ ಮತ್ತು ಬರೆದ ಅಂಕಿ ಎರಡೂ ವಾಚನಗಳು; ಆಕರವೆಂದರೆ ಗೆರೆ ಮಾತ್ರ. ಪಡಿಯಚ್ಚನ್ನು ನೋಡದೆ ಮುದ್ರಿತ ಪಾಠವನ್ನೇ ಶಾಸನವೆಂದು ಉಲ್ಲೇಖಿಸುವ ನಮ್ಮವರ ಅಭ್ಯಾಸವನ್ನು ಹಿರಿಯರು ಎಷ್ಟೋ ಸಲ ಖಂಡಿಸಿದ್ದಾರೆ. ಪ್ರಯೋಗಶಾಲೆಯಿಂದ ಬಂದ ಅಂಕಿಯೂ ವಾಚನವೇ ಎಂಬುದಕ್ಕೆ ಅಣ್ಣಿಗೇರಿಯಲ್ಲಿಯೇ ನಿದರ್ಶನವಿದೆ. 2010ರಲ್ಲಿ ಅಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆಗಳು ಹೊರಬಿದ್ದುವು. ಮೊದಲ ಕಾಲನಿರ್ಣಯ ಅವನ್ನು ಆರುನೂರು ವರ್ಷಕ್ಕೂ ಹಿಂದಕ್ಕೆ ಒಯ್ದಿತು. ಆಮೇಲಿನ ಪರೀಕ್ಷೆಗಳು ಹದಿನೆಂಟನೆಯ ಶತಮಾನದ ಕೊನೆಯ ಡೋಗಿ ಬರದ ಕಾಲಕ್ಕೆ ಎಳೆದು ತಂದುವು.

ಸೂತ್ರವು ಮೌನವಾಗಿ ಒಪ್ಪಿಕೊಂಡಿರುವ ಇನ್ನೊಂದು ಸಂಗತಿ ಕಾಗದದ ವೇಗ. ಸೆಕೆಂಡಿಗೆ 50 ಮಿಲಿಮೀಟರಿನಂತೆ ಓಡಿಸುವ ಸೌಕರ್ಯವೂ ಯಂತ್ರದಲ್ಲಿರುತ್ತದೆ; ಕೆಲವು ದೇಶಗಳಲ್ಲಿ ಅದೇ ರೂಢಿ. ಆಗ ನಿಮಿಷಕ್ಕೆ ದೊಡ್ಡ ಚೌಕಗಳು ಮುನ್ನೂರಲ್ಲ, ಆರುನೂರು. ಅದನ್ನು ಗಮನಿಸದೆ ಮುನ್ನೂರನ್ನೇ ಭಾಗಿಸಿದರೆ ಬಡಿತ ಅರ್ಧಕ್ಕಿಳಿಯುತ್ತದೆ. ನಮ್ಮ ಎರಡರುನೂರಿನ ನಾಡಿನವರು ಇದನ್ನು ಮರೆಯಬಾರದೆಂದು ವಿನೋದಕ್ಕೆ ಹೇಳಬಹುದು. ವೇಗವನ್ನು ಪಟ್ಟಿಯ ಅಂಚಿನಲ್ಲಿಯೇ ಅಚ್ಚುಮಾಡಿರುತ್ತಾರೆ. ಶಾಸನದಲ್ಲಿ ಶಕವರ್ಷವೋ ಚಾಲುಕ್ಯವಿಕ್ರಮವರ್ಷವೋ ಎಂದು ನೋಡಿಕೊಂಡ ಮೇಲಲ್ಲವೆ ನಾವು ಕ್ರಿಸ್ತವರ್ಷಕ್ಕೆ ತಿರುಗಿಸುವುದು?

ಯಾವುದರ ಎಣಿಕೆ ಎಂಬ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ಏಟ್ರಿಯಲ್ ಫ್ಲಟರ್ ಎಂಬ ಲಯದೋಷದಲ್ಲಿ ಹೃತ್ಕರ್ಣಗಳು ನಿಮಿಷಕ್ಕೆ ಸುಮಾರು 300 ಸಲ ಸ್ಪಂದಿಸಿ, ಎರಡಕ್ಕೊಂದರಂತೆ ಹೃತ್ಕುಕ್ಷಿಗಳಿಗೆ ತಲುಪಿ 150 ಬಡಿತಗಳಾಗುವುದು ಸಾಮಾನ್ಯ. ಮೇಲಿನ ಕೋಣೆಗಳಿಗೂ ಕೆಳಗಿನವಕ್ಕೂ ಸಂಪರ್ಕವೇ ಕಡಿದುಹೋದಾಗ ಪಿ ಅಲೆಗಳು 80ರಂತೆಯೂ ಆರ್‌ಗಳು 36ರಂತೆಯೂ ತಮ್ಮತಮ್ಮ ಪಾಡಿಗೆ ನಡೆಯಬಹುದು. ಆಗ ಹೃದಯದ ಎಣಿಕೆ ಎಷ್ಟು? ಎರಡನ್ನೂ ಬೇರೆಬೇರೆಯಾಗಿ ಬರೆಯದೆ ವಿಧಿಯಿಲ್ಲ. ಇನ್ನು ಪಟ್ಟಿಯ ಎಣಿಕೆಯೂ ಮಣಿಕಟ್ಟಿನ ನಾಡಿಯ ಎಣಿಕೆಯೂ ಬೇರೆಯಾಗುವುದುಂಟು. ನಮ್ಮ ಮಾವನವರಂಥವರಲ್ಲಿ ಎರಡು ಬಡಿತಗಳು ತೀರ ಹತ್ತಿರ ಬಂದಾಗ ಹೃದಯ ತುಂಬಿಕೊಳ್ಳಲು ಹೊತ್ತು ಸಾಲದೆ ಆ ಬಡಿತ ಕೈಗೆ ಮುಟ್ಟುವುದೇ ಇಲ್ಲ. ಪಟ್ಟಿ 120 ಎಂದರೆ ಬೆರಳು 95 ಎನ್ನಬಹುದು, ಎರಡೂ ನಿಜ. ಪಟ್ಟಿಯು ವಿದ್ಯುತ್ತನ್ನು ಬರೆಯುತ್ತದೆಯೇ ಹೊರತು ರಕ್ತದ ನೂಕನ್ನಲ್ಲ. ನೂಕು ನಿಂತ ಮೇಲೂ ವಿದ್ಯುತ್ತು ಸ್ವಲ್ಪಕಾಲ ಗೆರೆಯೆಳೆಯುತ್ತಿರುವ ದುರ್ಭರ ಸಂದರ್ಭಗಳೂ ವೈದ್ಯರಿಗೆ ಪರಿಚಿತವೇ.

ನಾಡಿ ಎಂಬ ನಮ್ಮ ಪದದ ಇತಿಹಾಸ ಇಲ್ಲಿ ಬೆಳಕು ಬೀರುವಂಥದು. ಆಯುರ್ವೇದದಲ್ಲಿ ನಾಡೀಪರೀಕ್ಷೆಯನ್ನು ವಿವರಿಸುವ ಶಾರ್ಙ್ಗಧರಸಂಹಿತೆಯು ನಾಡಿಯನ್ನು ಎಣಿಸುವುದಿಲ್ಲ. ಅದರ ಗತಿಯನ್ನು ಹಾವಿನ, ಕಪ್ಪೆಯ, ಹಂಸದ ನಡಿಗೆಗೆ ಹೋಲಿಸುತ್ತದೆ. ಎಣಿಕೆಯಿಲ್ಲದುದು ಒಂದು ಕೊರತೆಯೆಂದು ಹೇಳುವವರಿದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಲಯವನ್ನು ಮೊದಲು ನೋಡುವ ಆ ಬೆರಳಿಗೆ ಮಾವನವರ ನಾಡಿ ಕ್ರಮತಪ್ಪಿದೆಯೆಂಬುದು ಅರಿವಾಗುತ್ತಿತ್ತೆಂದು ತೋರುತ್ತದೆ. ಅದೇ ಪದ ಜ್ಯೋತಿಷದಲ್ಲಿ ಕಾಲಮಾನ: ಒಂದು ನಾಡಿಯೆಂದರೆ ಒಂದು ಗಳಿಗೆ, 24 ನಿಮಿಷ, ಅದರ ಅರವತ್ತರಲ್ಲೊಂದು ಪಾಲು ವಿನಾಡಿ, 24 ಸೆಕೆಂಡು, ಅದರ ಆರರಲ್ಲೊಂದು ಪಾಲು ಪ್ರಾಣ, 4 ಸೆಕೆಂಡು, ಅಂದರೆ ಸ್ವಸ್ಥನಾದವನ ಒಂದು ಉಸಿರು. ಅಲ್ಲಿ ದೇಹವೇ ಕಾಲಕ್ಕೆ ಅಳತೆಗೋಲು. ಇಂಗ್ಲಂಡಿನ ಜಾನ್ ಫ್ಲಾಯರ್ 1707ರಲ್ಲಿ ನಾಡಿಯನ್ನೆಣಿಸಲೆಂದೇ ಒಂದು ನಿಮಿಷ ಓಡುವ ಗಡಿಯಾರವನ್ನು ಮಾಡಿಸಿ ಗ್ರಂಥವನ್ನು ಬರೆದಾಗ ಸಂಬಂಧ ತಿರುವುಮುರುವಾಯಿತು. ಕಾಲವು ದೇಹಕ್ಕೆ ಅಳತೆಗೋಲಾಯಿತು. ಅಗಸ್ಟಸ್ ವಾಲರ್ 1887ರಲ್ಲಿ ಲಂಡನ್ನಿನಲ್ಲಿ ಮಾನವಹೃದಯದ ವಿದ್ಯುತ್ತನ್ನು ಮೊದಲು ಬರೆದು ತೋರಿಸಿದನು. ಲೈಡನ್ನಿನ ವಿಲ್ಲೆಮ್ ಐಂತೊವನ್ ಅಲೆಗಳಿಗೆ ಪಿ, ಕ್ಯು, ಆರ್, ಎಸ್, ಟಿ ಎಂದು ಹೆಸರಿಟ್ಟು, ತನ್ನ ತಂತಿ ಗ್ಯಾಲ್ವನೋಮೀಟರಿನಿಂದ ಅವನ್ನು ಸ್ಫುಟವಾಗಿ ಬರೆದು, 1924ರ ನೊಬೆಲ್ ಪಾರಿತೋಷಕವನ್ನು ಪಡೆದನು.

ಐಂತೊವನ್ನನ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು. ರೋಗಿಗಳನ್ನು ಅದರ ಬಳಿಗೆ ತರುವುದು ಕಷ್ಟವಾದುದರಿಂದ 1905ರಲ್ಲಿ ಅವನು ಸುಮಾರು ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ಹೃದಯದ ಗೆರೆಯನ್ನು ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ಕರ್ನಾಟಕ ಸರಕಾರವು 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಪಟ್ಟಿಯು ದೂರದ ಹೃದ್ರೋಗಕೇಂದ್ರಕ್ಕೆ ಹೋಗಿ, ಅಲ್ಲಿಯ ತಜ್ಞರು ನೋಡಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡುವ ವ್ಯವಸ್ಥೆಯಿದೆ. ಇದಕ್ಕೂ ಮುಂಚೆ, 2018ರಿಂದ, ಮಂಗಳೂರಿನ ಡಾ. ಪದ್ಮನಾಭ ಕಾಮತರು ಗ್ರಾಮೀಣ ಆರೋಗ್ಯಕೇಂದ್ರಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ ವಾಟ್ಸಾಪ್ ಗುಂಪುಗಳಲ್ಲಿ ಪಟ್ಟಿಗಳನ್ನು ತರಿಸಿ ಓದುವ ಏರ್ಪಾಟನ್ನು ಮಾಡಿದ್ದರು. ಈ ಎರಡರಲ್ಲಿಯೂ ನಮಗೆ ಮುಖ್ಯವಾಗಿ ತೋರುವುದು ವೇಗವಷ್ಟೇ ಅಲ್ಲ, ದೂರದವರಿಗೆ ಹೋಗುವುದು ಅಂಕಿಯಲ್ಲ, ಗೆರೆ ಎಂಬುದು. 75 ಎಂದು ಫೋನಿನಲ್ಲಿ ಹೇಳಿದ್ದರೆ ಯಾವ ತಜ್ಞರಾದರೂ ಏನು ಮಾಡಬಲ್ಲರು?

ಮಗ್ಗಿಯನ್ನು ಕಲಿಸಲೇಬಾರದೆಂದು ನಾವು ಹೇಳುತ್ತಿಲ್ಲ. ರಾತ್ರಿ ಹನ್ನೆರಡಕ್ಕೆ ಒಬ್ಬರೇ ಇರುವ ಆರೋಗ್ಯಕೇಂದ್ರದಲ್ಲಿ ಕಣ್ಣಳತೆಯ ಸೂತ್ರ ಬೇಕು. ಲಯ ಸಮವಾಗಿದ್ದರೆ ಅದು ಸಾಕು ಕೂಡ. ಅಜ್ಜಿಯ ಪಟ್ಟಿಯಲ್ಲಿ ಸಾಕಾಯಿತು. ನಮ್ಮ ಆಕ್ಷೇಪವಿರುವುದು ಕಲಿಸುವ ಅನುಕ್ರಮಕ್ಕೆ. ಅಂತರಗಳು ಸಮವಾಗಿವೆಯೆ ಎಂಬುದು ಮೊದಲು, ಎಣಿಕೆ ಆಮೇಲೆ ಎಂದಾಗಬೇಕು. ಸಮವಿಲ್ಲದಿದ್ದರೆ ಮುನ್ನೂರನ್ನು ಮುಟ್ಟದೆ ಪೂರ್ಣ ಪಟ್ಟಿಯನ್ನು ಎಣಿಸಬೇಕು. ಅಂಕಿಯ ಪಕ್ಕದಲ್ಲಿ ಅದು ಯಂತ್ರದ್ದೋ, ಚೌಕದ್ದೋ, ಹತ್ತು ಸೆಕೆಂಡಿನದೋ ಎಂದು ಒಂದು ಪದ ಬರೆಯಬೇಕು. ಮಾವನವರ ಪಟ್ಟಿಯ ಅಂಚಿನಲ್ಲಿ '75, ಒಂದು ಅಂತರದಿಂದ' ಎಂದು ಬರೆದಿದ್ದರೆ ಬರೆಯುವ ಕೈಯೇ ಒಂದು ಗಳಿಗೆ ತಡೆಯುತ್ತಿತ್ತೇನೋ.

ಕೊನೆಯದಾಗಿ ಈ ಆಕರದ ಬಾಳಿಕೆಯ ಬಗೆಗೆ. ಬಹುತೇಕ ಪಟ್ಟಿಗಳು ಶಾಖದಿಂದ ಕಪ್ಪಾಗುವ ಕಾಗದದ ಮೇಲೆ ಬರೆದವು. ಬಿಸಿಲು, ಸೆಕೆ, ಪ್ಲಾಸ್ಟಿಕ್ ಹೊದಿಕೆ ಇವು ಗೆರೆಯನ್ನು ಮಾಸಿಸುತ್ತವೆ. ತೆಗೆದ ದಿನವೇ ನೆರಳಚ್ಚು ತೆಗೆದಿಡುವುದು ಲೇಸು. ಮಾವನವರು ತಮ್ಮ ಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೊಲದ ಉತಾರಗಳ ಜೊತೆ ಟ್ರಂಕಿನಲ್ಲಿಟ್ಟಿದ್ದಾರೆ. ಎರಡು ಬೇಸಗೆ ಕಳೆದ ಮೇಲೆ ಈ ಲೇಖನಕ್ಕಾಗಿ ಅದನ್ನು ಮತ್ತೆ ತೆಗೆಯಿಸಿ ನೋಡಿದೆವು. ಅಚ್ಚಿನ ಶಾಯಿಯದಾದ್ದರಿಂದ ಕೆಂಪು ಚೌಕಗಳು ಹಾಗೆಯೇ ಇವೆ. ಗೆರೆ ಹೋಗಿದೆ; ಯಂತ್ರ ಅಚ್ಚುಮಾಡಿದ 118 ಕೂಡ ಹೋಗಿದೆ. ಅಂಚಿನಲ್ಲಿ ನೀಲಿ ಪೆನ್ನಿನಿಂದ ಬರೆದ 75 ಮಾತ್ರ ಚೆನ್ನಾಗಿ ಓದಲು ಬರುತ್ತದೆ.